ಅರ್ಧ ಎದ್ದ ದೊಡ್ಡಪ್ಪ

ಬಟವಾಡಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಬಸವರಾಜ್ ಬಫೆ ಊಟ ಇಡಿಸಿದ್ದ. ತೊಂಬತ್ತೆಂಟನೇ ಇಸವಿ, ಅವನ ನೆಂಟರಲ್ಲಿ ಅದಿನ್ನೂ ಹೊಸತು. ತಟ್ಟೆ ಹಿಡಿದು ನಿಂತ ಆಫೀಸಿನವರ ನಡುವೆ ಅವನು ಓಡಾಡಿದ್ದೇ ಓಡಾಡಿದ್ದು. ಮ್ಯಾನೇಜರ್ ತಟ್ಟೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ತಾನೇ ಸುರಿದ. "ಉಪಚಾರ ಅಂದ್ರೆ ಇದು ಕಣ್ರೀ" ಎಂದು ಅವರು ಹೇಳಿದಾಗ ಬೀಗಿದ.

ಶಾಮಿಯಾನದ ಮೂಲೆಯಲ್ಲಿ ಕುಣಿಗಲ್ಲಿನ ದೊಡ್ಡಪ್ಪ ಮಹಾದೇವಯ್ಯ ಕೂತಿದ್ದರು. ಬಸವರಾಜ್ ಹತ್ತಿರ ಸುಳಿದಾಗಲೆಲ್ಲ ಹೆಗಲ ವಲ್ಲಿ ಸರಿಮಾಡಿಕೊಂಡು ಅರ್ಧ ಏಳುತ್ತಿದ್ದರು. ಹಿರಿಯರು ತನಗಾಗಿ ಏಳುವುದೇ ಎಂದು ಅವನಿಗೆ ಸಂಕೋಚ. "ಕೂತ್ಕೊಳಿ ದೊಡ್ಡಪ್ಪ, ಕೂತ್ಕೊಳಿ" ಎಂದು ಭುಜ ಮುಟ್ಟಿ ಮುಂದೆ ಹೋಗುತ್ತಿದ್ದ.

ಜನ ಕರಗಿದ ಮೇಲೆ ಹೆಂಡತಿ ಶಶಿರೇಖಾ ಬಂದಳು. "ದೊಡ್ಡಮಾವ ಹೊರಟೋದ್ರು. ಎಲೆ ಅಡಿಕೆ ಮುಟ್ಲಿಲ್ಲ. ಊಟಕ್ಕೆ ಎಬ್ಬಿಸಿದ್ರಾ ನೀವು?"

"ಬಫೆ ಅಲ್ವೇನೇ, ಅವರವರೇ ಹೋಗಿ..." ಎನ್ನುವಾಗಲೇ ಅವನಿಗೆ ಕುಣಿಗಲ್ಲಿನ ಜಗುಲಿ ನೆನಪಾಯಿತು. ಓದುವ ಕಾಲಕ್ಕೆ ಅವನು ಉಂಡು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ಅಲ್ಲಿ ಅವರು ಜಗುಲಿಗೆ ಬಂದು ಒಬ್ಬೊಬ್ಬರ ಮುಂದೆಯೂ ನಿಂತು "ಊಟಕ್ಕೆ ಏಳಿ" ಎನ್ನುವವರೆಗೆ ನೆಂಟರು ಯಾರೂ ಏಳುತ್ತಿರಲಿಲ್ಲ. ಇಂದು ಅವರು ಎದ್ದಾಗಲೆಲ್ಲ ತಾನೇ ಕೂರಿಸಿದ್ದ.

ಸ್ಕೂಟರ್ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದ. ದೊಡ್ಡಪ್ಪ ಬೆಂಚಿನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಅವನನ್ನು ಕಂಡವರೇ ಹಣ್ಣನ್ನು ವಲ್ಲಿಯೊಳಗೆ ಮರೆಮಾಡಿದರು.

"ಯಾಕ್ಲಾ ಬಂದೆ, ಮನೆತುಂಬ ಜನ ಬುಟ್ಟು?"

"ನೀವು ಊಟ ಮಾಡ್ಲಿಲ್ಲ."

"ಆಯ್ತು ಬುಡು. ಮದ್ವೆ ಗಂಡಿನಂಗೆ ಓಡಾಡ್ತಿದ್ದಲ್ಲ, ನೋಡೇ ಹೊಟ್ಟೆ ತುಂಬ್ತು."

ಅದು ತಮಾಷೆಯೋ ಚುಚ್ಚುಮಾತೋ ಅವನಿಗೆ ತಿಳಿಯಲಿಲ್ಲ. ಬಸ್ಸಿಗೆ ಕಾದಿದ್ದ ಜನರ ಎದುರೇ ಕೈಮುಗಿದ. "ದೊಡ್ಡಪ್ಪ, ಊಟಕ್ಕೆ ಏಳಿ."

ಈ ಸಲ ಅವರು ಪೂರ್ತಿ ಎದ್ದರು.

ಮನೆಯಲ್ಲಿ ಹೋಳಿಗೆ ಮುಗಿದಿತ್ತು. ಶಶಿರೇಖಾ ಬಿಸಿ ಅನ್ನ, ಸಾರು ಮಾಡಿ ನೆಲದ ಮೇಲೆ ಎಲೆ ಹಾಕಿದಳು. ಬಸವರಾಜ್ ಬಡಿಸಲು ನಿಂತ.

"ನಿಂದೂ ಆಗಿಲ್ಲ ಅಂತ ಕಾಣ್ತದೆ" ಎಂದು ದೊಡ್ಡಪ್ಪ ಪಕ್ಕದ ಜಾಗ ತಟ್ಟಿದರು. "ಕೂತ್ಕೋ ಮಗ, ಕೂತ್ಕೋ."

ಅವನಿಗೆ ಕೂರಲಾಗಲಿಲ್ಲ. "ಮೊದ್ಲು ನೀವು ಉಣ್ಣಿ" ಎಂದು, ಸಾಕೆಂದು ಅವರು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಸಾರು ಬಿಟ್ಟ. ಎಲೆಯಲ್ಲಿ ಹೋಳಿಗೆಯ ಜಾಗ ಖಾಲಿಯೇ ಇತ್ತು.