ನೂರಾ ಇಪ್ಪತ್ತು ಮಂದಿಗೆ ಬುತ್ತಿ

ಕಣ್ಣಾರೆ ಒಮ್ಮೆಯೂ ನೋಡದ ಸಮುದ್ರವನ್ನು ಸಾಯಿರಾ ಎರಡೂವರೆ ತಿಂಗಳಿಂದ ಮಾರುತ್ತಿದ್ದಳು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿ ಅವಳ ಆಫೀಸು. ಕೆಳಗೆ ಲಾರಿಯವರ ಗದ್ದಲ. ಮೇಲೆ ಎಂಟು ಹುಡುಗಿಯರು ಕಿವಿಗೆ ಫೋನು ಸಿಕ್ಕಿಸಿಕೊಂಡು 'ನಮಸ್ಕಾರ, ನೀಲಿದಂಡೆ' ಎನ್ನುವ ರಾಗ. ಕರಾವಳಿಯಲ್ಲಿ ಮೂರು ರೆಸಾರ್ಟುಗಳನ್ನು ನಡೆಸುವ ಈ ಕಂಪನಿ ಬುಕಿಂಗ್ ಆಫೀಸನ್ನು ಮಾತ್ರ ಕಡಲಗಾಳಿ ಸುಳಿಯದ ಊರಲ್ಲಿ ತೆರೆದದ್ದು ಯಾಕೆಂದರೆ ಬಾಡಿಗೆ ಅಗ್ಗ. ಕೇಳಿದರೆ ಮಾತ್ರ, ಇಲ್ಲಿನವರ ಮಾತಿನಲ್ಲಿ ಮರ್ಯಾದೆ ಇದೆ ಎನ್ನುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ.

ನೀಲಿದಂಡೆಯಲ್ಲಿ ಬುಕಿಂಗ್ ಮಾಡುವಾಗ ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ಕೋಣೆ, ಮೂರು ಹೊತ್ತಿನ ಊಟ, ಬೇಕೆಂದಾಗ ಚಹಾ, ದೋಣಿ, ಈಜುಕೊಳ ಎಲ್ಲವೂ ಅದರಲ್ಲೇ. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಬರೆದಿಟ್ಟ ಪುಸ್ತಕ ಪ್ರತಿ ಮೇಜಿನ ಮೇಲೂ ಇತ್ತು. ಸಾಯಿರಾ ಸೇರಿ ಐವರು ಹುಡುಗಿಯರದು ಮೂರು ತಿಂಗಳ ಪರೀಕ್ಷೆಯ ನೌಕರಿ. ಅವರಲ್ಲಿ ಇಬ್ಬರು ಮಾತ್ರ ಕಾಯಂ ಆಗುವವರು. ಕಾಯಂ ಆದವರನ್ನು ತಾವು ಮಾರುವುದು ಏನೆಂದು ತಿಳಿಯಲಿ ಅಂತ ನಾಲ್ಕು ದಿನ ಕಡಲ ದಂಡೆಗೆ ಕಳಿಸುತ್ತಿದ್ದರು. ಸಾಯಿರಾಳಿಗೆ ಸಂಬಳ ಬೇಕಿತ್ತು, ಅದು ಯಾರಿಗೆ ಬೇಡ. ಆದರೆ ಆ ನಾಲ್ಕು ದಿನ ಅವಳಿಗೆ ಅದಕ್ಕಿಂತ ಹೆಚ್ಚಾಗಿ ಬೇಕಿತ್ತು. ಇಬ್ರಾಹಿಂಪುರದ ಮನೆಯಲ್ಲಿ ಬೆಳಗಿನಿಂದ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುವ ಅವ್ವ ಮದೀನಾಬಿಯ ಮುಂದೆ ಈ ಆಸೆ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಗಂಟುಬಿದ್ದವರು ಬಬಲೇಶ್ವರದ ಬಸಗೊಂಡಪ್ಪ. ದ್ರಾಕ್ಷಿ ಬೆಳೆಯುವ ಮನುಷ್ಯ. ಹೆಂಡತಿ ಮುರಿಗೆವ್ವನಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟು ಇಪ್ಪತ್ತು ವರ್ಷ ತಳ್ಳಿದ್ದರು. ಬುಕಿಂಗ್ ಆದಮೇಲೂ ಮೂರು ಸಲ ಫೋನು ಮಾಡಿ, ನಾಷ್ಟಾಕ್ಕೂ ಬೇರೆ ರೊಕ್ಕ ಇಲ್ಲವೇ, ಎರಡನೇ ಸಲ ನೀಡಿಸಿಕೊಂಡರೂ ಇಲ್ಲವೇ ಎಂದು ಕೇಳಿ ಕೇಳಿ ಅವಳ ತಲೆ ತಿಂದಿದ್ದರು. ನಾಲ್ಕನೇ ಸಲ ಮಾಡಿದಾಗ, ಅಲ್ಲಿ ದುಡಿಯುವ ಮಂದಿ ಎಷ್ಟು ಎಂದರು. ಸಾಯಿರಾ ಪುಸ್ತಕ ನೋಡಿ ನೂರಾ ಇಪ್ಪತ್ತು ಎಂದಳು.

"ಬರೂಮುಂದ ಏನರ ತರಬೇಕೇನು, ತಂಗೀ?"

ಗುರುತಿನ ಚೀಟಿ ಮತ್ತು ಈಜುವ ಬಟ್ಟೆ ಎಂಬುದು ಪುಸ್ತಕದ ಉತ್ತರ. ಆದರೆ ಅವರು ಕೇಳಿದ್ದು ಬೀಗರ ಮನೆಗೆ ಹೊರಟವರ ದನಿಯಲ್ಲಿ. ಹಾಗೆ ಕೇಳಿದ ಹಿರಿಯರಿಗೆ ಏನೂ ಬೇಡ ಎಂದರೆ ಈ ಕಡೆ ಮೋರೆಗೆ ಹೊಡೆದಂತೆ. ಅವಳ ಬಾಯಿ ಪುಸ್ತಕವನ್ನು ಮರೆತು ಮನೆಯ ಮಾತು ಆಡಿಬಿಟ್ಟಿತು.

"ನಿಮ್ಮ ಮನಸಿಗೆ ಬಂದದ್ದು ತರ್ರಿ, ಕಾಕಾ."

ಮುಂದಿನ ಶನಿವಾರ ಮಧ್ಯಾಹ್ನ ಮೇಲಧಿಕಾರಿ ಶೈಲಶ್ರೀ ಅವಳನ್ನು ಒಳಗೆ ಕರೆದರು. ರೆಸಾರ್ಟಿನ ಗೇಟಿನಲ್ಲಿ ಕ್ರೂಸರ್ ಗಾಡಿಯೊಂದು ಅರ್ಧ ತಾಸಿನಿಂದ ನಿಂತಿದೆ, ಒಳಗೆ ಎಂಟು ಮಂದಿ, ಗಾಡಿಯ ಮೇಲೆ ಮೂರು ಚೀಲ ಕಡಕ್ ರೊಟ್ಟಿ, ಡಬ್ಬಿಗಟ್ಟಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಪೆಟ್ಟಿಗೆ ಒಣದ್ರಾಕ್ಷಿ. ಹೊರಗಿನ ಆಹಾರ ಒಳಗೆ ಬಿಡುವಂತಿಲ್ಲ ಎನ್ನುತ್ತಾನೆ ಕಾವಲುಗಾರ. ಬುಕಿಂಗ್ ಆಫೀಸಿನವರೇ ತರಲು ಹೇಳಿದ್ದಾರೆ ಎನ್ನುತ್ತಾರೆ ಬಸಗೊಂಡಪ್ಪ. ಅಲ್ಲಿನ ಮ್ಯಾನೇಜರು ಕೆಂಡವಾಗಿ, ಹೇಳಿದವರು ಯಾರು ಎಂದು ಕೇಳುತ್ತಿದ್ದರು.

ಶೈಲಶ್ರೀ ಆ ಫೋನು ಮಾತಿನ ರೆಕಾರ್ಡಿಂಗನ್ನು ಒಮ್ಮೆ ಕೇಳಿಸಿದರು. ಆಮೇಲೆ ದನಿ ತಗ್ಗಿಸಿ, ಇದು ಸದ್ಯಕ್ಕೆ ನನ್ನ ಹತ್ತಿರ ಮಾತ್ರ ಇದೆ, ಗಿರಾಕಿ ತಪ್ಪು ತಿಳಿದುಕೊಂಡರು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಕಾಯಂ ಆಗುವುದಕ್ಕೆ ಇನ್ನು ಎರಡೇ ವಾರ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸಾಯಿರಾಳಿಗೂ ಆಸೆಯಾಗದೆ ಇರಲಿಲ್ಲ. ಒಂದೇ ಮಾತಿನ ಕೆಲಸ. ಆದರೆ ಆ ಮಾತಿನಿಂದ ಬಸಗೊಂಡಪ್ಪ ಹೆಂಡತಿಯ ಎದುರಿಗೇ ಸುಳ್ಳನಾಗಿ ನಿಲ್ಲಬೇಕಿತ್ತು.

"ತರ್ರಿ ಅಂದಾಕಿ ನಾನರಿ ಮೇಡಂ. ಅವರದೇನೂ ತಪ್ಪಿಲ್ಲ."

ಶೈಲಶ್ರೀ ರೆಸಾರ್ಟಿನ ಗೇಟಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟರು. ಆ ಕಡೆ ಬಸಗೊಂಡಪ್ಪನ ದನಿ ಸೋತುಹೋಗಿತ್ತು.

"ಮೂರ ಹೊತ್ತು ಕೇಳಿದಷ್ಟು ಉಣ್ಣಾಕ ಹಾಕೂ ಮಂದಿ, ತಂಗೀ. ಅಂಥವರ ಮನಿಗೆ ಬರಿಗೈಲೆ ಹ್ಯಾಂಗ ಹೋಗೂದು? ನೂರಾ ಇಪ್ಪತ್ತ ಮಂದಿ ಅಂದಿ. ಮುರಿಗೆವ್ವ ನಾಕ ದಿನ ಕುಂತ ಬಡದಾಳ. ಈಗ ಗಾಡಿ ತಿರಗಸ್ರಿ ಅನ್ನಾಕತ್ಯಾಳ."

ಅವರ ಮಾತಿನ ಹಿಂದೆ ಒಂದೇ ಸಮನೆ ಮೊರೆತ ಕೇಳುತ್ತಿತ್ತು. ಗಾಡಿಯ ಇಂಜಿನ್ ಆರಿಸಲು ಹೇಳಿದಳು. ಇಂಜಿನ್ ಆರಿಸಿಯೇ ಇದೆ, ಅದು ಸಮುದ್ರದ ಸಪ್ಪಳ ಎಂದರು ಅವರು. ಸಾಯಿರಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಆ ಸಪ್ಪಳ ಕೇಳಿದಳು. ಆಮೇಲೆ, ಗಾಡಿ ತಿರುಗಿಸಬೇಡಿ, ಮ್ಯಾನೇಜರಿಗೆ ಫೋನು ಕೊಡಿ ಎಂದಳು.

ಮ್ಯಾನೇಜರಿಗೆ ತಪ್ಪು ತನ್ನದೆಂದು ಮೊದಲೇ ಒಪ್ಪಿಕೊಂಡಳು. ಪುಸ್ತಕದಲ್ಲಿ ಅತಿಥಿಗಳ ಊಟದ ಮನೆಗೆ ಹೊರಗಿನ ಆಹಾರ ತರಬಾರದು ಎಂದಷ್ಟೇ ಇದೆ. ಇವರು ತಂದದ್ದು ಕೆಲಸದವರಿಗೆ, ಕೆಲಸದವರ ಊಟದ ಮನೆ ಬೇರೆಯೇ ಇದೆಯಲ್ಲ ಎಂದಳು. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ನಂಬಿಕೆ ಇಲ್ಲದಿದ್ದರೆ ನಿಮ್ಮವರೇ ಯಾರಾದರೂ ಬಂದು ನೋಡಲಿ ಎಂದೂ ಹೇಳಿದಳು. ನೋಡಿಸುತ್ತೇನೆ ಎಂದು ಮ್ಯಾನೇಜರು ಫೋನಿಟ್ಟರು.

ಮುಂದೆ ನಡೆದದ್ದು ಸಂಜೆ ಶೈಲಶ್ರೀಯ ಬಾಯಿಂದ ತಿಳಿಯಿತು. ನೋಡಲು ಕಳಿಸಿದ್ದು ಬಟ್ಟೆ ಒಗೆಯುವ ವಿಭಾಗದ ಪರಸವ್ವನನ್ನು, ತಿಕೋಟಾ ಕಡೆಯ ಘೋಣಸಗಿಯವಳು. ಊರಿಗೆ ಹೋಗದೆ ವರ್ಷವಾಗಿತ್ತು. ಅವಳು ಚೀಲದೊಳಗೆ ಕೈಹಾಕಿ ರೊಟ್ಟಿ ಮುರಿದು, ಹಿಂಡಿ ಹಚ್ಚಿಕೊಂಡು, ಗೇಟಿನಲ್ಲಿ ನಿಂತೇ ತಿಂದಳಂತೆ. ಹೇಗಿದೆ ಎಂದು ಮ್ಯಾನೇಜರು ಕೇಳಿದರೆ ಅವಳ ಕಣ್ಣಲ್ಲಿ ನೀರು. ಅಷ್ಟರಲ್ಲಿ ಅಡಿಗೆಮನೆಯಿಂದ, ತೋಟದಿಂದ ಒಬ್ಬೊಬ್ಬರೇ ಬಂದು ಚೀಲ ಇಳಿಸಿಕೊಂಡರು. ಅರ್ಧಕ್ಕರ್ಧ ಮಂದಿ ಈ ವಿಜಯಪುರದ ಕಡೆಯವರೇ ಎಂಬುದು ಮ್ಯಾನೇಜರಿಗೆ ಅವತ್ತೇ ಗೊತ್ತಾದದ್ದು. ಮುರಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ನೀಡಲು ನಿಂತಳು. ಸಮುದ್ರ ನೋಡುವುದು ಸಂಜೆಗೆ ಹೋಯಿತು.

ಅಷ್ಟಾದರೂ ಸಾಯಿರಾ ಸೋಮವಾರ, ನೌಕರಿ ಹೋಯಿತೆಂದೇ ತಿಳಿದು, ತನ್ನ ನೀರಿನ ಬಾಟಲಿ, ಬಾಚಣಿಕೆ ಎಲ್ಲ ಚೀಲಕ್ಕೆ ಹಾಕಿಕೊಂಡೇ ಕುಳಿತಿದ್ದಳು. ಶೈಲಶ್ರೀ ಎರಡು ಹಾಳೆ ಕೊಟ್ಟರು. ಮೊದಲನೆಯದರ ತುಂಬ ಕಂಪನಿಯ ಬೈಗುಳ: ಪುಸ್ತಕ ಬಿಟ್ಟು ಉತ್ತರಿಸಿದ್ದಕ್ಕೆ ಅರ್ಧ ಹಾಳೆ, ಗುರುತಿನ ಚೀಟಿ ನೆನಪಿಸದಿದ್ದಕ್ಕೆ ಇನ್ನರ್ಧ. ಎರಡನೆಯದು ನಾಲ್ಕೇ ಸಾಲು. ಗಿರಾಕಿಯ ಮೇಲೆ ತಪ್ಪು ಹಾಕಿ ಪಾರಾಗಬಹುದಾಗಿದ್ದಾಗಲೂ ಹಾಕಲಿಲ್ಲವಾದ್ದರಿಂದ ಇವಳನ್ನು ಕಾಯಂ ಮಾಡಬೇಕೆಂದು ಆ ಮ್ಯಾನೇಜರೇ ಬರೆದಿದ್ದರು. ಒಂದನೇ ತಾರೀಖಿಗೆ ದಂಡೆಗೆ ಹೊರಡಬೇಕು. ಸಾಯಿರಾ ಅದನ್ನು ಮೂರು ಸಲ ಓದಿದಳು. ಆಮೇಲೆ ಬಾಟಲಿ, ಬಾಚಣಿಕೆ ಎಲ್ಲ ಮತ್ತೆ ಮೇಜಿನ ಮೇಲೆ ತೆಗೆದಿಟ್ಟಳು.

ಮನೆಗೆ ಬಂದಾಗ ಮದೀನಾಬಿ ಒಲೆಯ ಮುಂದೆ ಕುಳಿತು ಹಿಟ್ಟು ನಾದುತ್ತಿದ್ದಳು. ಸಾಯಿರಾ ಬುರ್ಖಾ ಕಳಚಿ, ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತು, ಇನ್ನೂರೈವತ್ತು ಕಡಕ್ ರೊಟ್ಟಿ ಬೇಕು ಎಂದಳು. ಯಾವ ಅಂಗಡಿಯವರಿಗೆ ಇಷ್ಟು ಎಂದು ಮದೀನಾಬಿ ತಲೆಯೆತ್ತಿ ನೋಡಿದಳು.

"ಅಂಗಡಿಗಲ್ಲವ್ವಾ," ಎಂದಳು ಸಾಯಿರಾ, ಒಂದು ಉಂಡೆ ಹಿಟ್ಟು ಎಳೆದುಕೊಳ್ಳುತ್ತ. "ನಾ ಸಮುದ್ರಕ್ಕ ಹೊಂಟೇನಿ. ಬರಿಗೈಲೆ ಹ್ಯಾಂಗ ಹೋಗೂದು?"