ಚರ್ಮದ ಕಾವಲು

ಚರ್ಮ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಮುದುಕಿಯನ್ನು ಎಲ್ಲರೂ ಗಾಜಮ್ಮ ಎಂದೇ ಕರೆಯುತ್ತಿದ್ದರು. ಮೂರು ಸಲ ನಲ್ಲಿ ನೀರು, ಮೂರು ಸಲ ಭಟ್ಟಿ ಇಳಿಸಿದ ನೀರು, ಆಮೇಲೆ ಬೆಳಕಿಗೆ ಹಿಡಿದು ನೋಡುವುದು. ಒಂದೇ ಒಂದು ಹನಿ ಅಂಟಿ ನಿಂತರೂ ಮತ್ತೆ ಮೊದಲಿನಿಂದ. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಶೀಶೆಗಳ ಮೇಲಿನ ತಾರೀಖು ನೋಡಿ ನೋಡಿ ಕಲಿತದ್ದು.

ಆ ಅಂಕಿಯೇ ಒಂಬತ್ತು ವರ್ಷದ ಹಿಂದೆ ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಮದುವೆಯಾದ ಮೇಲೆ ಎಚ್‌ಐವಿ ತಗುಲಿ ಸವೆದು ಸವೆದು ಸತ್ತ ಮಗಳ ಬಟ್ಟೆಬರೆ ತರಲು ಹೋದಾಗ, ಅಳಿಯನ ಪೆಟ್ಟಿಗೆಯ ತಳದಲ್ಲಿ ಆಸ್ಪತ್ರೆಯ ಹಳದಿ ಚೀಟಿ ಸಿಕ್ಕಿತು. ಅವನ ರಕ್ತದಲ್ಲಿ ಎಚ್‌ಐವಿ ಇದೆಯೆಂದು ಅದರಲ್ಲಿ ಬರೆದದ್ದನ್ನು ದಾದಿಯೊಬ್ಬಳು ಓದಿ ಹೇಳಿದಳು. ತಾರೀಖನ್ನು ಗಾಜಮ್ಮನೇ ಓದಿದಳು. ಮದುವೆಗೆ ಹನ್ನೊಂದು ತಿಂಗಳು ಮುಂಚಿನದು.

ಅವಳು ಕೂಗಾಡಲಿಲ್ಲ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡಳು. ಹಾವಿನ ಹಗೆ ಹನ್ನೆರಡು ವರ್ಷವಂತೆ. ಗಾಜಮ್ಮನ ಬಳಿ ಇನ್ನೂ ಮೂರು ವರ್ಷ ಉಳಿದಿತ್ತು.

ಈಗ ಸಮಯ ಬಂದಿತ್ತು. ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಹೆಣ್ಣೊಬ್ಬಳನ್ನು ಅಳಿಯ ಗುರುವಾರ ರಿಜಿಸ್ಟರ್ ಮದುವೆಯಾಗುವವನಿದ್ದ. ಚೀಟಿಯನ್ನು ಅವಳ ಕೈಗಿಟ್ಟು ಅವನ ಮುಖ ನೋಡಬೇಕು. ಗಾಜಮ್ಮನಿಗೆ ಬೇಕಾದದ್ದು ಅಷ್ಟೇ.

ಮಂಗಳವಾರ ಡಾಕ್ಟರಮ್ಮ ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ಕರೆದಳು. "ಬನ್ನಿ ಗಾಜಮ್ಮ, ನೀವು ತೊಳೆದ ಗಾಜಿನ ಮೇಲೆ ಏನಿದೆ ನೋಡಿ."

ಗಾಜಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಅಯ್ಯೋ, ಜೇಡನ ಮರಿಗಳು! ಎಷ್ಟೊಂದು ಕೈಕಾಲು!"

"ಚರ್ಮದ ಕಾವಲುಗಾರರು ಇವರು. ಗುಪ್ತಾಂಗದ ಚರ್ಮದಲ್ಲೂ ಇರ್ತಾರೆ. ಎಚ್‌ಐವಿ ವೈರಸ್ ಒಂದೆರಡು ಬಂದ್ರೆ ಹಿಡಿದು ನುಂಗಿ ಅರಗಿಸಿಬಿಡ್ತಾರೆ."

"ಹಂಗಾದ್ರೆ ನನ್ನ ಮಗಳ ಮೈಯಲ್ಲಿ ಇವರೆಲ್ಲ ಗೊರಕೆ ಹೊಡೀತಿದ್ರಾ?"

ಡಾಕ್ಟರಮ್ಮನ ದನಿ ತಗ್ಗಿತು. "ಗುಳ್ಳೆ, ಹುಣ್ಣು ಇದ್ದು ಚರ್ಮ ಕೆರಳಿದ್ರೆ ಅರಗಿಸೋಕಾಗಲ್ಲ. ಹಿಡಿದಿದ್ದನ್ನ ಹಾಗೇ ಹೊತ್ತುಕೊಂಡು ಒಳಗಿನ ಗ್ರಂಥಿಗೆ ಹೋಗ್ತಾರೆ. ಅಲ್ಲಿರೋ ಬಿಳಿ ರಕ್ತಕಣಗಳ ಕೈಗೆ ತಾವೇ ಕೊಟ್ಟುಬಿಡ್ತಾರೆ. ವೈರಸ್ ಬೆಳೆಯೋದೇ ಆ ಕಣಗಳಲ್ಲಿ."

"ಬೇಲಿನೇ ಎದ್ದು ಹೊಲ ಮೇಯ್ದಂಗೆ."

"ಹೂಂ. ಕೆಲವರು ಗುಳ್ಳೆ ಎದ್ದಾಗ ಸೋಂಕುನಾಶಕ ಹಾಕಿ ತಿಕ್ಕಿ ತೊಳೀತಾರೆ. ಚರ್ಮ ಇನ್ನೂ ಕಿತ್ತು ಬರುತ್ತೆ, ಇನ್ನೂ ಕೆರಳುತ್ತೆ."

ಗಾಜಮ್ಮ ಮೇಜನ್ನು ಹಿಡಿದುಕೊಂಡಳು. ಮದುವೆಯಾದ ಎರಡನೆಯ ತಿಂಗಳು ಮಗಳು ಬಂದು, "ಅಮ್ಮಾ, ಅಲ್ಲಿ ಗುಳ್ಳೆ ಎದ್ದಿದೆ" ಎಂದು ತಲೆ ತಗ್ಗಿಸಿದ್ದಳು. ತೊಳೆದರೆ ಹೋಗದ ಕೊಳೆಯಿಲ್ಲ ಎಂದು ನಂಬಿದ್ದ ಗಾಜಮ್ಮ, ಪ್ರಯೋಗಾಲಯದ ತೊಟ್ಟಿ ತೊಳೆಯುವ ಕಟು ಸೋಂಕುನಾಶಕವನ್ನು ಶೀಶೆ ತುಂಬ ಕೊಟ್ಟಿದ್ದಳು. ದಿನಕ್ಕೆ ಮೂರು ಸಲ. "ಉರಿಯುತ್ತೆ ಅಮ್ಮಾ" ಎಂದಿದ್ದಕ್ಕೆ, "ಉರಿದ್ರೆ ಕೆಲಸ ಮಾಡ್ತಿದೆ ಅಂತ" ಎಂದಿದ್ದಳು.

"ನನ್ನ ಮಗಳಿಗೂ ನಾನು ಹಂಗೇ ತೊಳೆಸಿದ್ದೆ. ಅದರಿಂದಲೇ ಬಂತು ಅಂತೀರಾ, ಅಮ್ಮಾ?"

"ಹಾಗೆ ಹೇಳೋಕಾಗಲ್ಲ. ಅದಿಲ್ಲದಿದ್ರೂ ಬರಬಹುದು. ಆದ್ರೆ ವೈರಸ್‌ಗೆ ದಾರಿ ಸುಲಭ ಆಗುತ್ತೆ."

ಅಂದು ಅವಳು ಯಾವ ಗಾಜನ್ನೂ ಬೆಳಕಿಗೆ ಹಿಡಿದು ನೋಡಲಿಲ್ಲ.

ಬುಧವಾರ ಸಂಜೆ ಇಸ್ತ್ರಿ ಅಂಗಡಿಗೆ ಹೋದಳು. ಮದುವೆಯ ಬಿಳಿ ಅಂಗಿ ಮೇಜಿನ ಮೇಲಿತ್ತು, ಅದರ ಮೇಲೆ ಹೆಣ್ಣಿನ ಇಸ್ತ್ರಿ ಪೆಟ್ಟಿಗೆ ಆಡುತ್ತಿತ್ತು. ಅಳಿಯ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕುಳಿತಿದ್ದ.

"ಏನತ್ತೆ, ದಾರಿ ತಪ್ಪಿ ಬಂದ್ರಾ?"

"ಒಂಬತ್ತು ವರ್ಷದಿಂದ ಇದೇ ದಾರೀಲಿದ್ದೀನಿ ಕಣಪ್ಪ."

ಚೀಟಿಯನ್ನು ಹೆಣ್ಣಿನ ಮುಂದಿಟ್ಟಳು. "ಓದು ತಾಯಿ. ತಾರೀಖು ನಾನು ಹೇಳ್ತೀನಿ."

ಹೆಣ್ಣು ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಓದತೊಡಗಿದಳು. ಅಳಿಯ ನೆಗೆದು ಎದ್ದ. "ಈ ಮುದುಕಿ ಮಾತು ಕೇಳಬೇಡ! ಮಗಳಿಗೆ ಸುಡೋ ನೀರು ಕೊಟ್ಟು ತೊಳೆಸಿದವಳು ಇವಳೇ. ಅವಳೇ ಅತ್ತುಕೊಂಡು ಹೇಳಿದ್ದಳು!"

ಮೊನ್ನೆಯಾಗಿದ್ದರೆ ಆ ಮಾತು ಕಿವಿಯ ಪಕ್ಕ ಹಾದುಹೋಗುತ್ತಿತ್ತು. ಈಗ ನೆಟ್ಟಗೆ ಎದೆಗೇ ಬಿತ್ತು. ಗಾಜಮ್ಮ ಕದಲಲಿಲ್ಲ.

"ಹೌದು. ಚಿಲಕ ತೆಗೆದವಳು ನಾನೇ. ಆ ಉರಿ ನಾನು ಸಾಯೋವರೆಗೂ ನಂದೇ. ಆದ್ರೆ ನಾನು ತಿಳೀದೆ ತೆಗೆದೆ. ನೀನು ತಿಳಿದು ತಿಳಿದೇ ಒಳಗೆ ಬಂದೆ."

ಹೆಣ್ಣು ತಲೆಯೆತ್ತಿದಳು. "ಮಾತ್ರೆ ತಗೊಳ್ತಿದ್ದೀಯಾ?"

"ಈಗ ದಿನಾ ತಗೊಳ್ತೀನಿ. ಇನ್ನೊಬ್ಬರಿಗೆ ಹರಡಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ, ನಿನ್ನಾಣೆ!"

"ಹಂಗಿದ್ರೆ ನನಗೆ ಹೇಳೋಕೆ ಏನು ಕಷ್ಟ ಇತ್ತು? ಹೇಳಿದ್ದಿದ್ರೆ ನಾನು ಒಪ್ಪಿಕೊಳ್ತಿದ್ದೆನೇನೋ."

ಸುಟ್ಟ ವಾಸನೆ ಬಂತು. ಪೆಟ್ಟಿಗೆಯ ಕೆಳಗೆ ಬಿಳಿ ಅಂಗಿ ಕಂದಾಗಿ, ಕಪ್ಪಾಗಿ ಹೊಗೆ ಬಿಡುತ್ತಿತ್ತು. ಪೆಟ್ಟಿಗೆ ಗಾಜಮ್ಮನ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಕೈ ಚಾಚಲಿಲ್ಲ. ಅಳಿಯನ ಮುಖವನ್ನು, ಗಾಜನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ, ಮೂಲೆ ಮೂಲೆಯನ್ನೂ ಬಿಡದೆ ನೋಡಿದಳು.

ಕೊನೆಗೆ ಹೆಣ್ಣೇ ಪೆಟ್ಟಿಗೆ ಎತ್ತಿಟ್ಟು, ತೂತು ಬಿದ್ದ ಅಂಗಿಯನ್ನು ಅವನ ಕಡೆ ಎಸೆದಳು. "ಹೊರಡು."

ಅವನು ಹೋದ ಮೇಲೆ ಗಾಜಮ್ಮ ಕೈ ಒಡ್ಡಿದಳು. "ಚೀಟಿ ಕೊಡು ತಾಯಿ."

"ಇನ್ನೇನಕ್ಕೆ, ಅಮ್ಮಾ?"

"ಅವನು ಇನ್ನೊಬ್ಬಳನ್ನ ಹುಡುಕ್ತಾನೆ. ಆವಾಗ್ಲೂ ಬಾಯಿ ಬಿಡ್ದೆ ಇದ್ರೆ? ನನಗಿನ್ನೂ ಮೂರು ವರ್ಷ ಇದೆ" ಎಂದು ಅದನ್ನು ಹಳೆಯ ಮಡಿಕೆಯ ಮೇಲೇ ಮಡಿಸಿ ಕವರಿನೊಳಗೆ ತೂರಿಸಿದಳು.