ಗೌಡರ ಮನೆಯ ಲಂಡನ್ ಬಂದೂಕು

ಹಳೆಯ ಬಂದೂಕು ಮಾರಲು ಬರುವವರು ಬರೀ ಬಂದೂಕು ತರುವುದಿಲ್ಲ, ಜೊತೆಗೊಂದು ಕಥೆಯನ್ನೂ ಹೊತ್ತು ತರುತ್ತಾರೆ. ಜಮಖಂಡಿಯ ಪೇಟೆಯಲ್ಲಿರುವ ಗುರುಸಿದ್ದಪ್ಪನವರ ಬಂದೂಕಿನ ಅಂಗಡಿ ಇಂಥ ಎಷ್ಟು ಕಥೆ ಕೇಳಿದೆಯೋ ಲೆಕ್ಕವಿಲ್ಲ. ಬಂದ ಬಂದೂಕುಗಳಲ್ಲಿ ಅರ್ಧದಷ್ಟು ಹಲಗಲಿಯ ದಂಗೆಯಲ್ಲಿ ಗುಂಡು ಹಾರಿಸಿದಂಥವು. ಉಳಿದರ್ಧ, ಯಾವುದೋ ಸಂಸ್ಥಾನದ ರಾಜರು ಮುತ್ತಜ್ಜನ ಶೌರ್ಯಕ್ಕೆ ಮೆಚ್ಚಿ ಕೊಟ್ಟಂಥವು. ಅಷ್ಟೂ ಬಂದೂಕು ಖರೇನೇ ಹಲಗಲಿಯಲ್ಲಿದ್ದಿದ್ದರೆ ಕಂಪನಿ ಸರಕಾರ ಅವತ್ತೇ ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಿತ್ತು.

ರಾಜೇಶ್ವರಿ ಮಾತ್ರ ಯಾರ ಕಥೆಯನ್ನೂ ತುಂಡರಿಸುವುದಿಲ್ಲ. ಪೂರ್ತಿ ಕೇಳುತ್ತಾಳೆ, ಚಹಾ ತರಿಸುತ್ತಾಳೆ, ಆಮೇಲೆ ಕಥೆಯನ್ನು ಪಕ್ಕಕ್ಕಿಟ್ಟು ಬಂದೂಕು ಬಿಚ್ಚುತ್ತಾಳೆ. ಗುರುಸಿದ್ದಪ್ಪನವರ ಒಬ್ಬಳೇ ಮಗಳು ಅವಳು. ಹನ್ನೆರಡನೆಯ ವಯಸ್ಸಿಗೇ ಅಪ್ಪನ ಪಕ್ಕ ಕೂತು ಬಂದೂಕಿನ ಸ್ಪ್ರಿಂಗಿಗೆ ಅರ ಹಾಕಿದವಳು. ಈಗ ನಲವತ್ತಾರು. ಗಂಡನ ಮನೆ ರಬಕವಿ. ದಿನಾ ಮುಂಜಾನೆ ಒಂಬತ್ತರ ಬಸ್ಸಿಗೆ ಬಂದು ಅಂಗಡಿ ತೆಗೆಯುತ್ತಾಳೆ. ಅಪ್ಪನ ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಅಂಗಡಿಯ ಲೈಸೆನ್ಸು ಅವಳ ಹೆಸರಿಗೆ ಆಗಿಯೇ ಮೂರು ವರ್ಷ. ಆದರೆ ಗಿರಾಕಿಗಳಿಗೆ ಅದು ಇನ್ನೂ ಮುಟ್ಟಿಲ್ಲ. ಅವಳು ಬಂದೂಕು ನೋಡಿ ಏನೇ ಹೇಳಲಿ, ಬಂದವರು ಅವಳ ತಲೆಯ ಮೇಲಿಂದ ಮೂಲೆಯ ಕುರ್ಚಿಯಲ್ಲಿ ಕೂತ ಮುದುಕರ ಕಡೆ ಕತ್ತು ಚಾಚಿ, "ಹೌದೇನ್ರಿ ಗುರುಸಿದ್ದಪ್ಪಾರ?" ಎಂದು ಕೇಳುವವರೇ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ರಾಜೇಶ್ವರಿಗೆ ಇದು ಉರಿಯುತ್ತಿತ್ತು. ಆದರೆ ಅಪ್ಪನ ಹೆಸರಿಗೆ ಬೆಲೆ ಇದೆ ಎಂಬ ಹೆಮ್ಮೆಯೂ ಅಷ್ಟೇ ಇತ್ತು, ಹಾಗಾಗಿ ನುಂಗಿಕೊಂಡಿದ್ದಳು.

ಕಳೆದ ದೀಪಾವಳಿ ಮುಗಿದ ವಾರ ಬೀಳಗಿ ಕಡೆಯ ಗಿರಿಮಲ್ಲಪ್ಪ ಗೌಡರು ಬಂದರು. ಹಿಂದಿನ ವರ್ಷ ಅವರ ತಂದೆ ದೊಡ್ಡಗೌಡರು ತೀರಿಕೊಂಡಿದ್ದರು. ಲೈಸೆನ್ಸು ಅವರ ಹೆಸರಿನಲ್ಲಿತ್ತು. ಮಕ್ಕಳು ಮೊಮ್ಮಕ್ಕಳಿಗೆ ಯಾರಿಗೂ ಬಂದೂಕಿನ ಉಸಾಬರಿ ಬೇಡ. ಠಾಣೆಯಲ್ಲಿ ಇಟ್ಟಿದ್ದ ಬಂದೂಕನ್ನು ಕಾಗದಪತ್ರ ಮಾಡಿಸಿ ಮಾರಾಟಕ್ಕೆ ತಂದಿದ್ದರು. ಜೊತೆಗೆ ಬೆಳಗಾವಿಯಲ್ಲಿ ಬಂದೂಕಿನ ಅಂಗಡಿ ಇಟ್ಟಿರುವ ಸುಭಾಷ್ ಎಂಬವರು. ಅವರ ಗಿರಾಕಿಯೊಬ್ಬರಿಗೆ ಲಂಡನ್ನಿನದೇ ಜೋಡಿ ನಳಿಗೆಯ ಬಂದೂಕು ಬೇಕಾಗಿತ್ತಂತೆ.

ಗೌಡರು ಬಂದೂಕಿಗಿಂತ ಮೊದಲು ಚೀಲದಿಂದ ತೆಗೆದದ್ದು ಕಟ್ಟು ಹಾಕಿಸಿದ ಒಂದು ಚೀಟಿ. ಗಾಜಿನ ಹಿಂದೆ ಹಳದಿಗೆ ತಿರುಗಿದ ಕಾಗದ, ಅದರ ಮೇಲೆ ಇದೇ ಅಂಗಡಿಯ ಹೆಸರು. ಕೆಳಗೆ ಗುರುಸಿದ್ದಪ್ಪನವರ ದುಂಡು ಅಕ್ಷರ: 'ಈ ಬಂದೂಕು ಅಸಲಿ ಲಂಡನ್ ತಯಾರಿಕೆ.' ತಾರೀಖು ನೋಡಿದರೆ ೧೯೮೬ರ ಖಂಡೇನವಮಿ.

"ಮೂವತ್ತೆಂಟ ವರ್ಷ ಪಡಸಾಲ್ಯಾಗ ತೂಗ ಹಾಕಿದ್ದು," ಎಂದರು ಗೌಡರು. "ನನ್ನ ಲಗ್ನದಾಗ ಬೀಗರು ಮೊದಲ ಇದನ್ನ ಓದಿ, ಆಮ್ಯಾಲ ನನ್ನ ಮಾರಿ ನೋಡಿದ್ರು."

ಸುಭಾಷ್ ನಕ್ಕರು. "ಗುರುಸಿದ್ದಪ್ಪಾರ ಚೀಟಿ ಅಂದ್ರ ನಮಗ ಮಾತ ಇಲ್ರಿ. ಆದ್ರ ನಮ್ಮ ಪಾರ್ಟಿಗೆ ಈಗಿನ ತಾರೀಖಿನ ಚೀಟಿ ಬೇಕು. ಅದನ್ನೊಂದ ಬರದು ಕೊಟ್ಟಬಿಡ್ರಿ, ಇವತ್ತ ವ್ಯವಹಾರ ಮುಗಸೂನು."

ಬಂದೂಕು ಮೇಜಿನ ಮೇಲೆ ಬಂತು. ಬೆಳ್ಳಿಯ ತಾಟಿನಷ್ಟು ಬಿಳುಪು. ಗೌಡರ ಮನೆಯ ಹೆಂಗಸರು ಪ್ರತಿ ಖಂಡೇನವಮಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ನಳಿಗೆಯ ಮೇಲೆ ಇದ್ದಿರಬಹುದಾದ ಸುರುಳಿ ನಕ್ಷೆ ಪೂರ್ತಿ ಅಳಿಸಿತ್ತು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಯಾರದೋ ಅರ್ಧ ಹೆಸರು, ಪಕ್ಕದಲ್ಲಿ 'ಲಂಡನ್' ಎಂಬ ಶಬ್ದ ಮಾತ್ರ ಕಷ್ಟಪಟ್ಟು ಓದಲು ಬರುತ್ತಿತ್ತು. ತಿರುಪುಗಳ ಸಂದಿಯಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ಹಿಡಿಕೆಗೆ ಕೆಂಪು ದಾರ.

"ಬಿಚ್ಚಿ ನೋಡಬೇಕ್ರಿ ಗೌಡ್ರ," ಎಂದಳು ರಾಜೇಶ್ವರಿ.

ಗೌಡರ ಮುಖ ಬಿಗಿಯಿತು. "ಅದೆಲ್ಲ ಬ್ಯಾಡ ತಂಗಿ. ಪೂಜಿ ಮಾಡಿದ್ದೈತಿ. ನಮ್ಮ ಮನ್ಯಾಗ ಇಲ್ಲೀಮಟಾ ಯಾರೂ ಬಿಚ್ಚಿಲ್ಲ. ದೇವರನ್ನ ಬಿಚ್ಚಿ ನೋಡತಾರೇನು?"

"ಬಿಚ್ಚಲಾರದ ಬರದು ಕೊಡಾಕ ನನಗ ಬರೂದಿಲ್ರಿ. ಮ್ಯಾಲಿನ ಹೆಸರು ಯಾರ ಬೇಕಾದ್ರೂ ಕೆತ್ತತಾರ. ಎಲ್ಲಿ ತಯಾರಾತು ಅನ್ನೂ ಖರೇ ಛಾಪಾ ನಳಗಿ ಕೆಳಗಿರತೈತಿ."

"ನಿಮ್ಮಪ್ಪ ಬಿಚ್ಚಲಾರದನ ಬರದು ಕೊಟ್ಟಾರಲ್ಲ?" ಗೌಡರು ಎಂದಿನಂತೆ ಅವಳ ತಲೆಯ ಮೇಲಿಂದ ಮೂಲೆಯ ಕುರ್ಚಿಯ ಕಡೆ ನೋಡಿದರು. "ಏನ್ರಿ ಗುರುಸಿದ್ದ ಕಾಕಾ, ನಿಮ್ಮ ಚೀಟಿ ಮ್ಯಾಲ ನಿಮ್ಮ ಮಗಳಿಗೇ ನಂಬಿಕಿ ಇಲ್ಲಂದ್ರ ಹೆಂಗ?"

ಗುರುಸಿದ್ದಪ್ಪನವರು ಎಂಬತ್ತನಾಲ್ಕರ ಮುದುಕರು, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಆರಿದ ಚಹಾದ ಕಪ್ಪು. "ಬಿಚ್ಚಲಿ ಬಿಡ್ರಿ ಗೌಡ್ರ," ಎಂದರು. "ದೇವರ ಮುನದ್ರ ನನ್ನ ಮ್ಯಾಲ ಹಾಕ್ರಿ."

ರಾಜೇಶ್ವರಿ ಬಂದೂಕಿಗೊಮ್ಮೆ ಕೈಮುಗಿದು ದಾರ ಬಿಚ್ಚಿದಳು. ಸೂಜಿಯ ಮೊನೆಯಿಂದ ಕುಂಕುಮ ಕೆರೆದಳು. ಮುಂದಿನ ಕಟ್ಟಿಗೆಯನ್ನು ಕಳಚಿ, ನಳಿಗೆಗಳನ್ನು ಹಿಡಿಕೆಯಿಂದ ಬೇರೆ ಮಾಡಿದಳು. ಮೊದಲು ಒಳಗೆ ಬ್ಯಾಟರಿ ಬಿಟ್ಟು ನೋಡಿದಳು. ತುಕ್ಕಿನ ಕುಳಿ ಒಂದೆರಡೇ. ನಳಿಗೆಗಳನ್ನು ಬೆರಳಿಗೆ ತೂಗುಬಿಟ್ಟು ಗೆಣ್ಣಿನಿಂದ ಬಾರಿಸಿದಳು. ಮಠದ ಗಂಟೆಯಂತೆ ನಾದ ಎದ್ದಿತು. ಬೆಸುಗೆ ಎಲ್ಲೂ ಬಿಟ್ಟಿಲ್ಲ ಎಂದು ಇದರ ಅರ್ಥ. ಗೌಡರ ಮುಖ ಅರಳಿತು. ಆಮೇಲೆ ಅವಳು ನಳಿಗೆಗಳನ್ನು ಮಗುಚಿ ಹಾಕಿದಳು.

ಹುಣಸೆಹಣ್ಣು ಮುಟ್ಟದ ಜಾಗ ಅದು. ನೂರು ವರ್ಷದ ಎಣ್ಣೆಯ ಜಿಡ್ಡನ್ನು ಬಟ್ಟೆಯಿಂದ ಒರೆಸುತ್ತಿದ್ದಂತೆ ಛಾಪಾ ಕಣ್ಣಿಗೆ ಬಿತ್ತು. ಲಂಡನ್ನಿನದಾಗಿದ್ದರೆ ಕಿರೀಟದ ಕೆಳಗೆ ಅಕ್ಷರ ಇರಬೇಕಿತ್ತು. ಇಲ್ಲಿದ್ದದ್ದು ಬಾದಾಮಿ ಬೀಜದಂಥ ಉದ್ದುರುಟು ಗೆರೆ, ಅದರೊಳಗೆ ಮೂರು ಅಕ್ಷರ, ಕೆಳಗೊಂದು ನಕ್ಷತ್ರ. ಬೆಲ್ಜಿಯಂ. ಆ ಕಾಲದಲ್ಲಿ ಅಲ್ಲಿಂದ ಹಡಗುಗಟ್ಟಲೆ ಬಂದೂಕುಗಳು ಲಂಡನ್ನಿನ ಹೆಸರು ಹೊತ್ತು ಮುಂಬಯಿಯಲ್ಲಿ ಇಳಿಯುತ್ತಿದ್ದವು ಎಂದು ಅವಳಿಗೆ ಕಲಿಸಿದವರು ಇದೇ ಮೂಲೆಯಲ್ಲಿ ಕೂತಿದ್ದ ಅಪ್ಪನೇ.

ಅವಳು ಬಟ್ಟೆಯನ್ನು ಕೆಳಗಿಟ್ಟಳು. ಐವತ್ತು ವರ್ಷ ಜಮಖಂಡಿಯಲ್ಲಿ, ಮುಧೋಳದಲ್ಲಿ ಒಂದೇ ಮಾತು: ಗುರುಸಿದ್ದಪ್ಪ ಬರೆದನೆಂದರೆ ಕಲ್ಲ ಮೇಲೆ ಬರೆದಂತೆ. ಈಗ ಅವಳು ಬಾಯಿ ತೆರೆದರೆ ಆ ಹೆಸರಿಗೆ ಮಸಿ ಬಳಿಯುವವಳು ಹೆತ್ತ ಮಗಳೇ ಆಗುತ್ತಾಳೆ, ಅದೂ ಬೆಳಗಾವಿಯ ವ್ಯಾಪಾರಿಯ ಎದುರಿಗೆ. ಒಂದು ಗಳಿಗೆ ಅಡ್ಡದಾರಿಯೂ ಹೊಳೆಯಿತು. 'ಸದರಿ ಬಂದೂಕಿನ ಮೇಲೆ ಲಂಡನ್ ಎಂಬ ಹೆಸರು ಇರುತ್ತದೆ' ಎಂದು ಬರೆದರಾಯಿತು. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇಲ್ಲ. ಗೌಡರಿಗೆ ಖುಷಿ, ಸುಭಾಷರಿಗೆ ಖುಷಿ, ಅಪ್ಪನ ಹೆಸರು ಭದ್ರ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎರಡೂ ಮನೆಗೆ ಬೆಳಕು ಕೊಟ್ಟ ಪುಣ್ಯ.

ಮೂಲೆಯಿಂದ ಅಪ್ಪ ಕೇಳಿದರು: "ಯಾಕ ರಾಜಿ, ಸುಮ್ಮನಾದಿ?"

ಅವಳಿಗೆ ನಾಚಿಕೆಯಾಯಿತು. ಅಪ್ಪ ಇಷ್ಟು ವರ್ಷ ಕಲಿಸಿದ್ದು ದೀಪ ಇಡುವುದನ್ನಲ್ಲ.

"ಅಪ್ಪಾ, ಇದು ಲಂಡನ್ನಿಂದಲ್ಲ," ಎಂದಳು. "ಬೆಲ್ಜಿಯಂದು. ನಿಮ್ಮ ಚೀಟಿ ತಪ್ಪೈತಿ."

ಗೌಡರು ಎದ್ದು ನಿಂತರು. "ಏನ ಮಾತಾಡಾಕತ್ತಿ ನೀ? ಹಂಗಾರ ನಿಮ್ಮಪ್ಪ ನಮಗ ಸುಳ್ಳ ಬರದು ಕೊಟ್ರೇನು? ನಮ್ಮಪ್ಪ ನಾಕ ಮಂದ್ಯಾಗ ಮೀಸಿ ತಿರುವಿದ್ದು ಸುಳ್ಳ ಬಂದೂಕಿನ ಮ್ಯಾಲೇನು?"

"ಕೂಡ್ರಿ ಗೌಡ್ರ," ಎಂದರು ಗುರುಸಿದ್ದಪ್ಪ. ಕಪ್ಪು ಕೆಳಗಿಟ್ಟು ಎರಡೂ ಕೈ ಚಾಚಿದರು. "ತಾ ಇಲ್ಲೆ."

ರಾಜೇಶ್ವರಿ ನಳಿಗೆಗಳನ್ನು ಅಪ್ಪನ ತೊಡೆಯ ಮೇಲಿಟ್ಟಳು. ಅವರು ಹೆಬ್ಬೆರಳನ್ನು ಕೆಳಭಾಗದ ಉದ್ದಕ್ಕೂ ಎಳೆದರು. ಛಾಪಾದ ಮೇಲೆ ಬೆರಳು ನಿಂತಿತು. ಉಗುರಿನಿಂದ ಉದ್ದುರುಟು ಗೆರೆಯನ್ನು ಒಂದು ಸುತ್ತು ಹಾಕಿದರು, ಇನ್ನೊಂದು ಸುತ್ತು ಹಾಕಿದರು. ಬೆಳಗಾವಿಯ ಸುಭಾಷರಿಗೆ ತಮ್ಮ ಅಂಗಡಿಯಲ್ಲಿ ಚೀಟಿ ಸಮೇತ ಕೂತಿರುವ ಒಂಟಿ ನಳಿಗೆಯ ಮೂರು ಲಂಡನ್ ಬಂದೂಕುಗಳ ನೆನಪಾಗಿರಬೇಕು, ಅವರ ಮುಖವೂ ಸಣ್ಣದಾಗಿತ್ತು.

"ಬೆಲ್ಜಿಯಂ," ಎಂದರು ಮುದುಕರು. ಆಮೇಲೆ ನಿಧಾನವಾಗಿ ಹೇಳಿದರು: "ಗೌಡ್ರ, ಅವತ್ತ ನಿಮ್ಮ ಮನ್ಯಾಗ ಬಂದೂಕ ಪೂಜಿ ಮಣಿ ಮ್ಯಾಲಿತ್ತು. ಹೂವು, ಊದಿನಕಡ್ಡಿ, ಮನಿ ತುಂಬ ಬೀಗರು. ಬಿಚ್ಚಬೇಕು ಅಂದೆ. ನಿಮ್ಮಪ್ಪಾರು, ಪೂಜಿ ಆಗೈತಿ, ಹಂಗ ಹೇಳು ಅಂದ್ರು. ಆಗ ನನ್ನ ಬಾಯಾಗ ನಿಮ್ಮ ಮನೀ ಹೋಳಿಗಿ ಇತ್ತು. ಇಲ್ಲ ಅನ್ನಾಕ ಧೈರ್ಯ ಸಾಲಲಿಲ್ಲ. ಮ್ಯಾಲಿನ ಹೆಸರ ಓದಿ ಬರದು ಕೊಟ್ಟೆ. ಸುಳ್ಳ ಬರೀಲಿಲ್ರಿ, ನೋಡಲಾರದ ಬರದೆ. ಕಸಬಿನ್ಯಾಗ ಅದೂ ಸುಳ್ಳ."

ಗೌಡರು ಕುರ್ಚಿಯ ತುದಿಯಲ್ಲಿ ಕುಕ್ಕರಿಸಿದರು. ಬೈಯೋಣವೆಂದರೆ ಎದುರಿಗಿರುವುದು ತಪ್ಪೊಪ್ಪಿಕೊಂಡ ಮುದುಕ, ಬಿಟ್ಟುಬಿಡೋಣವೆಂದರೆ ಪಡಸಾಲೆಯ ಮೂವತ್ತೆಂಟು ವರ್ಷದ ಮರ್ಯಾದೆ.

ರಾಜೇಶ್ವರಿಯೇ ಮಾತು ತೆಗೆದಳು. "ಗೌಡ್ರ, ಬಂದೂಕು ಕೆಟ್ಟದ್ದಲ್ರಿ. ಲಂಡನ್ನಿಂದಲ್ಲ, ಅಷ್ಟ. ನಳಗಿ ನಾದ ನೀವ ಕೇಳಿದ್ರಿ. ನೂರ ವರ್ಷದ ಮ್ಯಾಲಾತು, ಎಲ್ಲೂ ಸಡಲಿಲ್ಲ. ಮನಿಯವರು ಇಷ್ಟ ಪ್ರೀತಿಲೆ ಇಟ್ಟಿದ್ದಕ್ಕ ಉಳದೈತಿ. ಹುಣಸಿಹಣ್ಣ ಒಂದ ಹಚ್ಚಬಾರದಿತ್ತು." ಕಡೆಯ ಮಾತಿಗೆ ಗೌಡರ ಮೀಸೆ ತುಸು ಅಲುಗಿತು, ನಗುವೇ ಇರಬೇಕು.

"ನಮ್ಮ ಪಾರ್ಟಿಗೆ ಲಂಡನ್ನ ಬೇಕಾಗಿತ್ತು," ಎಂದರು ಸುಭಾಷ್. ಸ್ವಲ್ಪ ಯೋಚಿಸಿ ಮುಂದುವರಿಸಿದರು: "ಆದ್ರ ಬೆಲ್ಜಿಯಂ ಅಂತ ಖರೇ ಬರದು ಕೊಟ್ರ, ಬೆಲ್ಜಿಯಂ ರೇಟಿಗೆ ನಾನ ತಗೋತೇನಿ. ಮುಂದಿನ ವಾರ ನಮ್ಮ ಮೂರೂ ಬಂದೂಕು ತಂದು ಈ ಅಕ್ಕಾರ ಕೈಯಾಗ ಕೊಡಬೇಕು. ನೋಡೇ ಬಿಡೂನು, ಏನೇನ ಹೊರಗ ಬರತೈತಿ."

ಗೌಡರು ಇನ್ನೂ ಮುದುಕರ ಕಡೆಗೇ ನೋಡುತ್ತಿದ್ದರು. "ಕಾಕಾ, ನೀವ ಹೇಳ್ರಿ. ಕೊಡ್ಲ್ಯೋ ಬ್ಯಾಡೋ? ರೇಟ ಎಷ್ಟಾಗಬಹುದು?"

"ನನ್ನೇನ ಕೇಳತೀರಿ ಗೌಡ್ರ? ಅಂಗಡಿ ಆಕಿದು. ನಾ ಇಲ್ಲೆ ಚಾ ಕುಡ್ಯಾಕ ಬರತೇನಿ."

ಗೌಡರು ಮೊದಲ ಸಲ ರಾಜೇಶ್ವರಿಯ ಮುಖವನ್ನೇ ನೇರವಾಗಿ ನೋಡಿದರು. "ನೀ ಹೇಳ್ವಾ," ಎಂದರು. ಅವಳು ಹೇಳಿದಳು. ಲಂಡನ್ನಿನ ದರದ ಅರ್ಧಕ್ಕೂ ಕಡಿಮೆ. ಗೌಡರು ನಿಟ್ಟುಸಿರು ಬಿಟ್ಟರು, ಆದರೆ ಚೌಕಾಸಿ ಮಾಡಲಿಲ್ಲ. ಸುಭಾಷರೂ ಮಾಡಲಿಲ್ಲ.

ಅವಳು ಅಂಗಡಿಯ ಹೊಸ ಕಾಗದ ತೆಗೆದು ಬರೆಯತೊಡಗಿದಳು. ಬೆಲ್ಜಿಯಂ ತಯಾರಿಕೆ, ಹನ್ನೆರಡು ಬೋರಿನ ಜೋಡಿ ನಳಿಗೆ, ಛಾಪಾ ಇರುವುದು ಎಲ್ಲಿ, ತುಕ್ಕಿನ ಕುಳಿ ಎಷ್ಟು, ಅಳಿಸಿಹೋದದ್ದು ಏನೇನು. ಕೊನೆಯಲ್ಲಿ, ೧೯೮೬ರ ಚೀಟಿ ಈ ಮೂಲಕ ರದ್ದು. ಬರೆದು ಮುಗಿಸಿ ಅಪ್ಪನ ಕೈಗೆ ಪೆನ್ನು ಕೊಟ್ಟಳು. "ಹಳೇದು ನಿಮ್ಮ ಸಹಿದು ಅಪ್ಪಾ, ಇದರಾಗೂ ನಿಮ್ಮದ ಇರಲಿ. ಮ್ಯಾಲ ಜಾಗಾ ಬಿಟ್ಟೇನಿ."

"ಮ್ಯಾಲಿಂದು ಅಂಗಡಿ ಮಾಲಕರ ಜಾಗಾ ಅಲ್ಲೇನು? ಅಲ್ಲಿ ನೀ ಮಾಡು. ನಾ ಸಾಕ್ಷಿ ಹಾಕತೇನಿ. ಸಾಕ್ಷಿ ಕೆಳಗಿರತೈತಿ."

"ಅಪ್ಪಾ..."

"ಮಾಡು. ಗಿರಾಕಿ ಕಾಯಾಕತ್ತಾರ."

ರಾಜೇಶ್ವರಿ ಸಹಿ ಮಾಡಿದಳು. ಮೂರು ವರ್ಷದಿಂದ ಎಷ್ಟೋ ಕಾಗದಕ್ಕೆ ಮಾಡಿದ ಸಹಿಯೇ ಅದು, ಇವತ್ತು ಮಾತ್ರ ಕಣ್ಣು ಮಂಜಾಗಿ ಗೆರೆ ತುಸು ಸೊಟ್ಟಗಾಯಿತು. ಅಪ್ಪ ಕಾಗದವನ್ನು ತಡವಿ ಅವಳ ಸಹಿ ಎಲ್ಲಿದೆ ಎಂದು ಕೇಳಿಕೊಂಡರು, ಅದರ ಕೆಳಗೆ ಪೆನ್ನು ಊರಿದರು. ಬರೀ ಸಹಿಯಲ್ಲ, ಮತ್ತೇನೋ ಬರೆಯತೊಡಗಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಸಾಲು ಇಳಿಜಾರಾಗಿ ಕಾಗದದ ಅಂಚಿಗೆ ಹೋಯಿತು. ಬರೆದು ಮುಗಿಸಿ, ಸರಿಯಾಗಿ ಮೂಡಿದೆಯೋ ನೋಡಿ ಎಂದು ಕಾಗದವನ್ನು ಗೌಡರ ಕಡೆ ಚಾಚಿದರು.

ಗೌಡರು ಕನ್ನಡಕ ಹಾಕಿಕೊಂಡು, ಸುಭಾಷರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು:

"'ಮೇಲೆ ಬರೆದದ್ದು ನಿಜ. ನನ್ನ ತಪ್ಪನ್ನು ಹಿಡಿದವಳು ನನ್ನ ಮಗಳು, ನಾನೇ ಕಲಿಸಿದವಳು. ಗುರುಸಿದ್ದಪ್ಪ.'"